ಅಜ್ಜಿಯ ಕಣ್ಣಿಗೆಂದು ತಂದ ಪರದೆ

ನಮ್ಮ ನಡುಮನೆ ಹದಿನೇಳು ಅಡಿ ಉದ್ದ ಇದೆ ಎನ್ನುವುದು ಪ್ರೊಜೆಕ್ಟರಿನ ಮಾತು ಏಳುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮಿಳುನಾಡಿನ ನಲ್ಲಂಪಳ್ಳಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿ ಹುಣಸೆ ಮರಗಳ ಸಾಲು ಮುಗಿದ ಕೂಡಲೇ ಸಿಗುವ ಹೆಂಚಿನ ಮನೆ ಅದು. ಹಿಂದೆ ಕುರಿದೊಡ್ಡಿ, ಮುಂದೆ ಜಗಲಿ, ಮಧ್ಯದಲ್ಲಿ ಕಿಟಕಿಯೇ ಇಲ್ಲದ ನಡುಮನೆ. ಬೆಳಕಿಗೆಂದು ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಕೂರಿಸಿದ್ದರು. ಮಧ್ಯಾಹ್ನದ ಹೊತ್ತು ಅಲ್ಲಿಂದ ಇಳಿಯುವ ಬಿಸಿಲು ನೆಲದ ಮೇಲೆ ಮೊರದಷ್ಟು ಅಗಲ ಬೀಳುತ್ತಿತ್ತು. ಅಮ್ಮ ಅಲ್ಲಿ ಕೂತು ಕಾಳು ಆರಿಸುತ್ತಿದ್ದಳು, ನಾನು ಅಲ್ಲೇ ಬೋರಲು ಮಲಗಿ ಶಾಲೆಯ ಪಾಠ ಬರೆಯುತ್ತಿದ್ದೆ. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದು ಎಷ್ಟೋ ವರ್ಷ ಆದಮೇಲೆ. ಮನೆಯಲ್ಲಿದ್ದವರು ನಾಲ್ಕು ಜನ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ಹನ್ನೆರಡು ವರ್ಷದ ನಾನು. ಅಪ್ಪನಿಗೆ ಅಕ್ಕತಂಗಿ, ಅಣ್ಣತಮ್ಮ ಯಾರೂ ಇಲ್ಲ ಎಂದೇ ನಾನು ತಿಳಿದಿದ್ದೆ. ಗೆಳತಿಯರು ಅತ್ತೆ ಕೊಡಿಸಿದ ಬಳೆ, ಅತ್ತೆ ತಂದ ಲಂಗ ಎಂದು ತೋರಿಸಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿದ್ದುದೂ ನಿಜ.

ಅಜ್ಜಿ ಬದುಕಿಡೀ ಕುರಿ ಕಾಯ್ದವಳು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಇನ್ನೊಂದರಲ್ಲಿ ಬೆಳಕು ಪೂರ್ತಿ ಹೋಗಿತ್ತು. ಉಳಿದ ಕಣ್ಣಿಗೆ ದೊಡ್ಡದು ಕಾಣುತ್ತಿತ್ತು, ಸಣ್ಣದು ಕಾಣುತ್ತಿರಲಿಲ್ಲ. ಹಾಗಾಗಿ ನಮ್ಮ ಪುಟ್ಟ ಟಿವಿಯ ಮುಂದೆ ಗೇಣು ದೂರದಲ್ಲಿ ಕೂತುಬಿಡುತ್ತಿದ್ದಳು. ಅವಳ ತಲೆಯ ಆಚೆ ಏನು ನಡೆಯುತ್ತಿದೆ ಎಂದು ನಮಗೆ ತಿಳಿಯುತ್ತಿರಲಿಲ್ಲ, ಅಲ್ಲೇ ಕೂತ ಅವಳಿಗೂ ತಿಳಿಯುತ್ತಿರಲಿಲ್ಲ. ದಿನಾ ಸಂಜೆ ಅಮ್ಮನಿಗೂ ಅಜ್ಜಿಗೂ ಇದೇ ಜಗಳ.

"ಅತ್ತೇ, ಒಸಿ ಪಕ್ಕಕ್ ಸರ್ಕೊಳಿ. ನಮಗೂ ಕಾಣ್ಬೇಕಲ್ವಾ?"

"ನಂಗೇ ಏನೂ ಕಾಣಲ್ಲ, ನಿಂಗೆ ತೋರ್ಸಾದೇನು? ಬರೀ ಬಣ್ಣ ಓಡಾಡ್ತೈತೆ. ಆಳೇ ಇಲ್ಲ."

ಅಪ್ಪ ಈ ಜಗಳದಲ್ಲಿ ಯಾರ ಪರವೂ ಮಾತಾಡುತ್ತಿರಲಿಲ್ಲ. ಎದ್ದು ಹೋಗಿ ಅಜ್ಜಿಯ ಪಕ್ಕ ಕೂತು, ಪರದೆಯ ಮೇಲೆ ಈಗ ಯಾರು ಬಂದರು, ಯಾರು ಅತ್ತರು ಎಂದು ಅವಳ ಕಿವಿಯಲ್ಲಿ ಹೇಳುತ್ತಿದ್ದ. ಅವನಂಥ ಮೆತ್ತನೆಯ ಮನುಷ್ಯನನ್ನು ನಾನು ಕಂಡಿರಲಿಲ್ಲ. ಮೀನು ತಂದ ದಿನ ಅಜ್ಜಿಯ ಎಲೆಯಲ್ಲಿ ಮುಳ್ಳು ಬಿಡಿಸಿಕೊಡುತ್ತಿದ್ದ. ಅವಳ ಕಾಲಿನ ಉಗುರು ಕತ್ತರಿಸುವವನೂ ಅವನೇ. ಕುರಿಗೂ ಕೋಲು ಬೀಸುತ್ತಿರಲಿಲ್ಲ, ನಾಲಿಗೆಯಲ್ಲಿ ಸದ್ದು ಮಾಡಿ ಕರೆಯುತ್ತಿದ್ದ. ಆ ಕೈ ಯಾರ ಮೇಲಾದರೂ ಎದ್ದೀತು ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಜೊತೆ ಮಾತು ಬಿಡುತ್ತಿದ್ದೆ.

ಧರ್ಮಪುರಿಯಲ್ಲಿ ಒಂದು ಮದುವೆಗೆ ಹೋದಾಗ, ಮಂಟಪದಲ್ಲಿ ನಡೆಯುತ್ತಿದ್ದುದನ್ನೆಲ್ಲ ಊಟದ ಹಾಲಿನ ಗೋಡೆಯ ಮೇಲೆ ದೊಡ್ಡದಾಗಿ ಬಿಡುತ್ತಿದ್ದರು. ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಕೂತು ಅಪ್ಪನನ್ನು ಕೂಗಿದಳು.

"ನಂಜಾ, ಎಣ್ಣಿನ ಮೂಗುತಿ ಕಾಣ್ತೈತೆ ಕಣ್ಲಾ! ಮೂರು ಕಲ್ಲು!"

ಆ ಮೂರು ಕಲ್ಲು ಅಪ್ಪನ ತಲೆಯಲ್ಲಿ ಕೂತುಬಿಟ್ಟವು. ಆ ವರ್ಷ ಮಾವಿನ ತೋಪು ಚೆನ್ನಾಗಿ ಕಾಯಿ ಬಿಟ್ಟಿತ್ತು. ಮನೆಗೆ ಬಂದವನೇ ಹಗ್ಗ ಹಿಡಿದು ನಡುಮನೆ ಅಳೆದ. ಅಮ್ಮನಿಗೆ ಮೊದಲ ದಿನದಿಂದಲೂ ಇದು ಹಿಡಿಸಲಿಲ್ಲ. ದೊಡ್ಡ ಟಿವಿ ತಂದರೆ ಸಾಲದೇ ಎನ್ನುವುದು ಅವಳ ವಾದ. ಪ್ರೊಜೆಕ್ಟರ್ ಬೇಕೇ ಬೇಕು ಎನ್ನುವುದಾದರೆ ಸುಣ್ಣ ಬಳಿದ ಗೋಡೆ ಇದೆ, ಮೇಲೆ ಪರದೆ ಯಾಕೆ ಎನ್ನುವುದು ಅದರ ಮುಂದಿನ ವಾದ. ಪರದೆಗೆಂದು ಅಪ್ಪ ಗುರುತು ಮಾಡಿದ ಗೋಡೆಯ ಮೇಲೆ ಮಾದಪ್ಪನ ಪಟ ಇತ್ತು.

"ಪಡ ನೋಡಕ್ಕೋಸ್ಕರ ಸಾಮೀನ ಎಬ್ಬಿಸ್ತೀರಾ?" ಸಿನಿಮಾಕ್ಕೆ ನಮ್ಮ ಮನೆಯಲ್ಲಿ ತಮಿಳಿನ ಹಾಗೆ ಪಡ ಎನ್ನುತ್ತಿದ್ದೆವು.

"ಎಬ್ಬಿಸ್ತಿಲ್ಲ ಕಣೇ. ಪಕ್ಕದ ಗ್ವಾಡೆಗೆ ಕೂರಿಸ್ತೀನಿ. ಸಾಮೀನೂ ನೋಡ್ಲಿ."

ಒಂದು ಭಾನುವಾರ ನಾವು ನಾಲ್ವರೂ ಬಸ್ಸು ಹತ್ತಿ ಸೇಲಂಗೆ ಹೋದೆವು. ಅಂಗಡಿಯ ಯಜಮಾನರು ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ವಯಸ್ಸಾದವರು. ಬೆಲೆಯ ಮಾತಿಗೆ ಮೊದಲೇ ಅಪ್ಪನನ್ನು "ರೂಮು ಎವ್ಳೋ ನೀಳಂ?" ಎಂದು ಕೇಳಿದರು. ಅಪ್ಪ ಹೆಮ್ಮೆಯಿಂದ ಹದಿನೇಳು ಅಡಿ ಉದ್ದ ಎಂದ. ಅವರು ಒಂದು ಕಾಗದದ ಮೇಲೆ ನಮ್ಮ ನಡುಮನೆಯನ್ನು ಬರೆದು ಎಲ್ಲ ಬಿಡಿಸಿ ಹೇಳಿದರು. ಹನ್ನೆರಡು ಅಡಿ ಹಿಂದೆ ಇಟ್ಟರೆ ಏಳಡಿ ಅಗಲದ ಚಿತ್ರ ಮೂಡಿಸುವ ಯಂತ್ರ ಒಂದು. ಗೋಡೆಯ ಹತ್ತಿರವೇ ಇಟ್ಟು ಅಷ್ಟೇ ದೊಡ್ಡ ಚಿತ್ರ ಬೀಳಿಸುವ ಯಂತ್ರ ಇನ್ನೊಂದು, ಅದರ ಮುಂದೆ ಯಾರು ಓಡಾಡಿದರೂ ನೆರಳು ಬೀಳುವುದಿಲ್ಲ, ಆದರೆ ನೆಲ ಒಂದಿಷ್ಟು ಓರೆಯಾಗಿದ್ದರೂ ಚಿತ್ರ ಸೊಟ್ಟಗಾಗುತ್ತದೆ. ನಮ್ಮ ನೆಲದ ವಿಷಯ ನಮಗೆ ಗೊತ್ತಿತ್ತು. ಗಾಜಿನ ಹೆಂಚಿನ ಸಂಗತಿ ಕೇಳಿದ ಮೇಲೆ ಅವರು ಪೆನ್ಸಿಲ್ ಕೆಳಗಿಟ್ಟರು. ಹಗಲು ನೋಡುವುದಾದರೆ ಎಷ್ಟು ಪ್ರಕಾಶದ ಯಂತ್ರ ಕೊಂಡರೂ ಅದು ಬಿಸಿಲಿಗೆ ಸೋಲುತ್ತದೆ, ಚಿತ್ರ ನೀರು ಮಜ್ಜಿಗೆಯ ಹಾಗೆ ಆಗುತ್ತದೆ, ಹೆಂಚನ್ನು ಮುಚ್ಚಲೇಬೇಕು ಎಂದರು.

ಆಮೇಲೆ ಪರದೆಗಳು. ಒಳಗೆ ಒಂದು ಕತ್ತಲೆಯ ಕೋಣೆಯಲ್ಲಿ ಮೂರು ಪರದೆ ಇಳಿಬಿಟ್ಟಿದ್ದರು. ಯಾವುದು ಬೇಕೆಂದು ಅಪ್ಪ ಹೇಳಲಿಲ್ಲ, ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಕೈಕಟ್ಟಿ ನಿಂತ. ಯಜಮಾನರು ಕಾಡಿನಲ್ಲಿ ಜಿಂಕೆ ಓಡುವ ಚಿತ್ರ ಹಾಕಿದರು. ಬೆಳ್ಳಿಯ ಹಾಗೆ ಹೊಳೆಯುವ ಮೊದಲ ಪರದೆ ನನಗೆ ಬಹಳ ಹಿಡಿಸಿತು. ಅಜ್ಜಿ ಕಣ್ಣಿಗೆ ಸೆರಗು ಅಡ್ಡ ಹಿಡಿದಳು.

"ಅಯ್ಯೋ ಬ್ಯಾಡ, ಚುಚ್ತೈತೆ."

ಎರಡನೆಯದು ಬೂದು ಬಣ್ಣದ್ದು.

"ಇದ್ರಾಗೆ ಎಲ್ಲಾ ಒತ್ತು ಮುಳುಗ್ದಂಗೈತೆ."

ಮೂರನೆಯದು ಹೊಳಪಿಲ್ಲದ ಬರೀ ಬಿಳಿ. ಅಜ್ಜಿ ಸೆರಗು ಇಳಿಸಿದಳು. ಕುತ್ತಿಗೆ ಮುಂದೆ ಚಾಚಿದಳು.

"ಮುಂದ್ಲಿಂದ ಮೂರ್ನೇದು ಕುಂಟ್ತೈತೆ ನೋಡು. ಇಂದ್ಲ ಎಡಗಾಲು."

ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಯಜಮಾನರು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ನಿಜವಾಗಿ ಅದು ಕುಂಟುತ್ತಿತ್ತು. "ಅಜ್ಜೀ, ಈ ಅಂಗಡೀಲಿ ಇಷ್ಟು ವರ್ಷದಿಂದ ಇದನ್ನೇ ಹಾಕ್ತಿದ್ದೀನಿ, ನಾನೇ ನೋಡಿರಲಿಲ್ಲ" ಎಂದು ಅವರು ತಮಿಳಿನಲ್ಲಿ ಹೇಳಿ ನಕ್ಕರು. ಆ ಬಿಳಿ ಪರದೆ, ಹನ್ನೆರಡು ಅಡಿಯ ಯಂತ್ರ, ಎರಡೂ ಅಲ್ಲಿಗೆ ನಿಶ್ಚಯವಾದವು. ಬಸ್ಸಿನಲ್ಲಿ ಅಪ್ಪ ಸುರುಳಿ ಸುತ್ತಿದ ಪರದೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತಿದ್ದ.

ಮುಂದಿನ ಭಾನುವಾರ ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಉಂಡು ನಾವು ಅಣಿಯಾದೆವು. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಅಮ್ಮ ಹೇಳಿದ್ದಕ್ಕೆ ಪರದೆಯನ್ನು ತೊಲೆಗೆ ಕಟ್ಟಿದ್ದಾಯಿತು. ಮೊದಲು ಏನು ನೋಡುವುದು ಎಂದು ಅಜ್ಜಿಯನ್ನು ಕೇಳಿದರೆ, ಅಪ್ಪ ಅಮ್ಮನ ಮದುವೆ ಎಂದಳು. ಆ ಮದುವೆಯ ಹಳೇ ಕ್ಯಾಸೆಟ್ಟನ್ನು ಧರ್ಮಪುರಿಯಲ್ಲಿ ಯಾರೋ ಡಿಸ್ಕಿಗೆ ಹಾಕಿಕೊಟ್ಟಿದ್ದರು. ಅದರಲ್ಲಿ ತೀರಿಹೋದ ತಾತ ಇದ್ದ.

"ನಿಮ್ ತಾತನ ಮೊಕ ನೋಡ್ಬೇಕು ಕೂಸೇ. ಮರ್ತೋಗ್ತಾ ಐತೆ."

"ಮೊದ್ಲು ಯಾವ್ದಾದ್ರೂ ಸಾಮಿ ಪಡ ಆಕಾನ ಬಿಡವ್ವ," ಎಂದ ಅಪ್ಪ.

"ಸಾಮಿ ಎಲ್ಲಿಗೋಯ್ತಾನೆ? ಆಮ್ಯಾಕೆ ನೋಡಾನ."

ಅಪ್ಪ ಒಪ್ಪಿದ. ಮದುವೆ ಶುರುವಾಯಿತು. ಆದರೆ ಗಾಜಿನ ಹೆಂಚಿನ ಬಿಸಿಲು ನೇರ ಪರದೆಯ ಮೇಲೆ ಬಿದ್ದು ಜನರೆಲ್ಲ ಹೊಗೆಯಲ್ಲಿ ನಡೆದಾಡಿದ ಹಾಗೆ ಕಾಣುತ್ತಿತ್ತು. ಅಪ್ಪ ಗೋಣಿಚೀಲ ತೆಗೆದುಕೊಂಡು ಮಾಡು ಹತ್ತಲು ಹೊರಟ. ಹೋಗುವಾಗ ರಿಮೋಟನ್ನು ನನ್ನ ಕೈಗೆ ಕೊಟ್ಟು ಹೇಳಿದ:

"ಅಡುಗೆ ಮಾಡ ಜಾಗ ಬಂದ್ರೆ ಮುಂದಕ್ ಓಡಿಸ್ಬಿಡು ಮಗಾ. ಅಲ್ಲೇನೂ ಇಲ್ಲ."

ಟಿವಿಯಲ್ಲಿ ನೋಡುವಾಗಲೂ ಅಪ್ಪ ಆ ಜಾಗ ಓಡಿಸಿಬಿಡುತ್ತಿದ್ದ. ನಾನೂ ಓಡಿಸಬೇಕೆಂದೇ ಇದ್ದೆ. ದೊಡ್ಡ ಕೊಳದಪ್ಪಲೆಗಳು, ಸೌಟು ತಿರುವುವ ಗಂಡಸರು ಪರದೆಯ ಮೇಲೆ ಬಂದಾಗ ರಿಮೋಟ್ ಎತ್ತಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. "ಇರು ಇರು. ಅಡುಗೆಯೋರ್ ಮೊಕಾನೂ ಕಾಣ್ತೈತೆ." ಅಷ್ಟರಲ್ಲಿ ಮೇಲೆ ಹೆಂಚು ಕಿರುಗುಟ್ಟಿತು. ಗೋಣಿಚೀಲ ಗಾಜನ್ನು ಮುಚ್ಚಿತು. ನಡುಮನೆ ಒಮ್ಮೆಗೇ ಕತ್ತಲಾಗಿ, ಏಳಡಿ ಅಗಲದ ಪರದೆಯ ಮೇಲೆ ಪ್ರತಿಯೊಂದೂ ಎದ್ದು ನಿಂತಿತು.

ಅಡುಗೆ ಒಲೆಗಳ ಆಚೆ, ಚಪ್ಪರದ ಕೊನೆಯ ಗಳುವಿನ ಹತ್ತಿರ, ಒಬ್ಬ ಹೆಂಗಸು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಒಂದು ಬಟ್ಟೆಗಂಟು. ಅವಳ ಕಡೆಗೆ ಮದುಮಗನ ಪೇಟ ಕಟ್ಟಿದ ಅಪ್ಪ ಬಿರಬಿರನೆ ನಡೆದು ಬಂದ. ಅವಳು ನಗುತ್ತ ಗಂಟು ಮುಂದೆ ಚಾಚಿದಳು. ಅಪ್ಪ ಅದನ್ನು ಕೈಯಿಂದ ಹೊಡೆದು ಕೆಡವಿದ. ಆಮೇಲೆ ಅವಳ ಹೆಗಲಿಗೆ ಅಂಗೈ ಇಟ್ಟು ತಳ್ಳಿದ. ಅವಳು ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ ಗಳು ಹಿಡಿದುಕೊಂಡಳು. ಕೂಸು ಬಾಯಿ ತೆರೆದು ಅತ್ತಿತು. ಅಪ್ಪ ಮತ್ತೆ ತಳ್ಳಿದ. ಕ್ಯಾಮೆರಾದವನು ಅದನ್ನೆಲ್ಲ ಗಮನಿಸಲೇ ಇಲ್ಲವೋ ಏನೋ, ನಿಧಾನಕ್ಕೆ ಅನ್ನದ ರಾಶಿಯ ಕಡೆಗೆ ತಿರುಗಿದ. ಎಲ್ಲ ಸೇರಿ ಹತ್ತು ಎಣಿಸುವಷ್ಟು ಹೊತ್ತು.

ಅದು ಅಪ್ಪ ಅಲ್ಲ, ಅಪ್ಪನ ಹಾಗೆ ಇರುವ ಯಾರೋ ಎಂದುಕೊಂಡೆ. ಆದರೆ ಆ ಪೇಟ, ಆ ಎಡಗೆನ್ನೆಯ ಮಚ್ಚೆ ಎಲ್ಲ ಈಗ ದೊಡ್ಡದಾಗಿ ನನ್ನ ಕಣ್ಣೆದುರೇ ಇತ್ತು. ಪಕ್ಕದಲ್ಲಿ ಅಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು.

"ಇನ್ನೊಂದ್ ಸಲ ಆಕು ಕೂಸೇ," ಎಂದಳು ಅಜ್ಜಿ.

ಹಾಕಿದೆ. ಅಜ್ಜಿ ಎದ್ದು ಪರದೆಯ ಹತ್ತಿರ ನಡೆದಳು. ಅವಳ ನೆರಳು ಅಪ್ಪನ ಮೇಲೆ ಬಿತ್ತು. ಹೆಂಗಸು ನಗುತ್ತ ಗಂಟು ಚಾಚುವ ಜಾಗದಲ್ಲಿ "ನಿಲ್ಸು" ಎಂದಳು. ನಿಲ್ಲಿಸಿದೆ.

"ಯಾರಜ್ಜಿ ಅದು?"

"ನನ್ ಮಗಳು. ರಾಜಮ್ಮ. ನಿಮ್ಮಪ್ಪನ ಅಕ್ಕ."

"ನಂಗೆ ಅತ್ತೆ ಇದ್ದಾಳಾ?"

ಅಜ್ಜಿ ಪರದೆಯೊಂದಿಗೆ ಮಾತಾಡುವ ಹಾಗೆ ಹೇಳಿದಳು: "ಬಂದಿದ್ಯಾ ನೀನು? ಬಂದಿದ್ಯಾ?"

ಅಪ್ಪ ಕೈಯ ದೂಳು ಒರೆಸಿಕೊಳ್ಳುತ್ತ ಒಳಗೆ ಬಂದ. "ಈಗ ಎಂಗೈತೆ? ಚೆನ್ನಾಗ್ ಕಾಣ್ತದಾ?" ಎಂದು ಕೇಳುತ್ತಲೇ ಬಂದವನು ಪರದೆ ನೋಡಿ ಬಾಗಿಲಲ್ಲೇ ನಿಂತ. ಅವನ ಮುಖದಲ್ಲಿ ನಗು ಇನ್ನೂ ಇತ್ತು, ಅದನ್ನು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಆ ಮಧ್ಯಾಹ್ನ ನನಗೆ ತಿಳಿದದ್ದು ಇಷ್ಟು. ರಾಜಮ್ಮತ್ತೆ ಹೊಗೆನಕಲ್ಲಿನಲ್ಲಿ ಪರಿಸಲು ಎನ್ನುವ ಹರಿಗೋಲು ಓಡಿಸುವ, ನಮ್ಮ ಜಾತಿಯವನಲ್ಲದ ಒಬ್ಬನನ್ನು ಇಷ್ಟಪಟ್ಟು ಮದುವೆಯಾಗಿ ಹೋಗಿದ್ದಳು. ತಾತ ಅವಳ ಹೆಸರು ಎತ್ತಬಾರದು ಎಂದಿದ್ದ. ತಮ್ಮನ ಮದುವೆಗಾದರೂ ಅವಳು ಬರಲಿ ಎಂದು ಅಜ್ಜಿ ಗುಟ್ಟಾಗಿ ಅಪ್ಪನ ಕೈಯಲ್ಲಿ ಹೇಳಿಕಳಿಸಿದ್ದಳು. ಅಪ್ಪ ಹೋಗಿ ಹೇಳಿಯೂ ಬಂದಿದ್ದ. ಮದುವೆ ಮುಗಿದ ಮೇಲೆ ಅಜ್ಜಿ ಕೇಳಿದಾಗ, "ನಂಗೆ ತವರೇ ಇಲ್ಲ, ಬರಲ್ಲ ಅಂದ್ಲು" ಎಂದು ಸುಳ್ಳು ಹೇಳಿದ್ದ. ಮಗಳು ತನ್ನನ್ನು ತೊರೆದಳು ಎಂದು ನಂಬಿದ ಅಜ್ಜಿ ಅಂದಿನಿಂದ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಅಮ್ಮನಿಗೆ ಹೀಗೊಬ್ಬ ನಾದಿನಿ ಇದ್ದಾಳೆ ಎಂದು ಮಾತ್ರ ಗೊತ್ತಿತ್ತು.

"ಯಾಕ್ಲಾ ಅಂಗ್ ಮಾಡ್ದೆ?" ಎಂದು ಕೇಳಿದಳು ಅಜ್ಜಿ. ದನಿ ಏರಿಸಲಿಲ್ಲ.

ಅಪ್ಪ ಅಮ್ಮನ ಕಡೆ ನೋಡಿದ. "ಇವಳಪ್ಪ ನೋಡ್ಬಿಟ್ಟಿದ್ನವ್ವ. ಅವ್ಳು ಚಪ್ರಕ್ಕೆ ಕಾಲಿಕ್ಕಿದ್ರೆ ಎಣ್ಣ ಎಬ್ಬಿಸ್ಕೊಂಡ್ ಓಯ್ತೀನಿ ಅಂದ. ಅಪ್ಪಯ್ಯನ ಮಾನ ಓಯ್ತದೆ ಅಂತ ಭಯ ಆಯ್ತು. ಓಗು ಅಂದೆ. ಅವ್ಳು ತಮಾಸೆ ಅಂದ್ಕೊಂಡು ನಗ್ತಾ ನಿಂತಿದ್ಲು."

ಅಮ್ಮ ಬಾಯಿಂದ ಕೈ ತೆಗೆದಳು. "ನಮ್ಮಪ್ಪನಾ? ನಮ್ಮಪ್ಪ ಅಂಗಂದ್ನಾ? ಇಷ್ಟು ವರ್ಸ ನಂಗ್ ಏಳ್ಲಿಲ್ವಲ್ಲ ನೀನು!"

ಅವರಿಬ್ಬರೂ ಅದೇ ಮಾತನ್ನು ಹಿಂದೆ ಮುಂದೆ ಮಾಡಿ ಬಹಳ ಹೊತ್ತು ಆಡಿದರು. ನಾನು ಕೇಳಿಸಿಕೊಳ್ಳಲಿಲ್ಲ. ಅಪ್ಪನ ಅಂಗೈಯನ್ನೇ ನೋಡುತ್ತಿದ್ದೆ. ಆ ರಾತ್ರಿಯಿಂದ ಅವನು ತಲೆ ನೇವರಿಸಲು ಬಂದರೆ ನನ್ನ ಮೈ ತಾನಾಗಿ ಹಿಂದೆ ಸರಿಯುತ್ತಿತ್ತು. ಅವನು ಅದನ್ನು ಗಮನಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಮೆತ್ತನೆಯವನಾಗಿಯೇ ಇದ್ದ, ತೋರಿಕೆಗಲ್ಲ, ನಿಜವಾಗಿಯೇ. ಅದೇ ನನಗೆ ಅರ್ಥವಾಗದ ಸಂಗತಿ. ಕೆಟ್ಟವನೊಬ್ಬ ಒಳ್ಳೆಯವನ ವೇಷ ಹಾಕಿದ್ದರೆ ನಾನು ದ್ವೇಷಿಸಿ ಸುಮ್ಮನಾಗುತ್ತಿದ್ದೆ. ಒಳ್ಳೆಯ ಮನುಷ್ಯನೊಬ್ಬ ಭಯದಲ್ಲಿ ಅಷ್ಟು ಮಾಡಬಲ್ಲ ಎನ್ನುವುದನ್ನು ಹನ್ನೆರಡನೇ ವಯಸ್ಸಿನಲ್ಲಿ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜನರನ್ನು ಬೇಗ ನಂಬದ, ಹಾಗೆಯೇ ಬೇಗ ಬಿಟ್ಟೂ ಕೊಡದ ನನ್ನ ಸ್ವಭಾವ ಆ ದಿನಗಳಲ್ಲಿ ಗಟ್ಟಿಯಾಯಿತು ಎಂದು ಈಗ ಅನ್ನಿಸುತ್ತದೆ.

ಮೂರನೇ ದಿನ ಬೆಳಗ್ಗೆ ಅಜ್ಜಿ ಒಗೆದ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದರೆ, "ನೀ ಬರ್ಬ್ಯಾಡ" ಎಂದಳು. ಅಮ್ಮ, ಅಜ್ಜಿ, ನಾನು ಮೂವರೇ ಹೊಗೆನಕಲ್ಲಿಗೆ ಹೋದೆವು. ಬಸ್‌ ಸ್ಟ್ಯಾಂಡಿನಿಂದ ನದಿಗೆ ಇಳಿಯುವ ದಾರಿಯ ಎರಡೂ ಕಡೆ ಮೀನು ಹುರಿಯುವ ಅಂಗಡಿಗಳು. ರಾಜಮ್ಮ ಎಂದು ಕೇಳಿದ್ದಕ್ಕೆ ಮೊದಲನೇ ಅಂಗಡಿಯವನೇ ಕೈ ತೋರಿಸಿದ. ಅವಳು ಬಾಣಲೆಯ ಮುಂದೆ ಕೂತಿದ್ದಳು. ಪರದೆಯ ಮೇಲಿನ ಹೆಂಗಸಿಗಿಂತ ಬಹಳ ಸೊರಗಿದ್ದಳು. ಗಿರಾಕಿ ಎಂದುಕೊಂಡು, ಯಾವ ಮೀನು ಬೇಕೆಂದು ತಮಿಳಿನಲ್ಲಿ "ಎನ್ನ ಮೀನು ವೇಣುಂ?" ಎಂದವಳು ಅಜ್ಜಿಯ ಮುಖ ನೋಡಿ, ಮೀನು ಮಗುಚುವ ಜಾರ ಕೆಳಗಿಟ್ಟಳು.

"ಅವ್ವಾ?"

"ನೀನು ಬಂದಿದ್ದೆ ಅಂತ ನಂಗ್ ಗೊತ್ತಿರ್ಲಿಲ್ಲ ಕಣವ್ವ," ಎಂದಳು ಅಜ್ಜಿ. "ಮೊನ್ನೆ ಗೊತ್ತಾಯ್ತು. ಮೊನ್ನೆ ನೋಡ್ದೆ."

ಅತ್ತೆ ಕೂತಲ್ಲೇ ಮುಖ ಎತ್ತಿದಳು. ಅಜ್ಜಿ ಅವಳ ಮುಖ, ತೋಳು, ಜಡೆ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸುತ್ತ ತಿರುಗಿ ನೋಡಿ ಕೇಳಿದಳು:

"ಆ ಕೂಸೆಲ್ಲಿ? ಮೊಮ್ಮಗ? ಈಗ ಮೀಸೆ ಬಂದಿರ್ಬೇಕಲ್ಲ?"

ಅತ್ತೆ ಜಾರ ಎತ್ತಿಕೊಂಡು ಎಣ್ಣೆಯಲ್ಲಿದ್ದ ಮೀನು ಮಗುಚಿದಳು. ಅದು ಅಷ್ಟರಲ್ಲಿ ಕಪ್ಪಾಗಿತ್ತು.

"ಇಲ್ಲವ್ವ. ಆ ಮಳೆಗಾಲದಾಗೇ ಜ್ವರ ಬಂತು. ಒಂದ್ ವರ್ಸ ತುಂಬ್ಲಿಲ್ಲ. ನಿಂಗ್ ತೋರ್ಸಕ್ ಅಂತ್ಲೇ ಎತ್ಕೊಂಡ್ ಬಂದಿದ್ದೆ."

ಅಜ್ಜಿ ಅಲ್ಲೇ ನೆಲದ ಮೇಲೆ ಕೂತಳು. ಒಂದೇ ವಾರದಲ್ಲಿ ಒಬ್ಬ ಮೊಮ್ಮಗ ಇದ್ದಾನೆ ಎಂದು ತಿಳಿದು, ಅವನು ಇಲ್ಲ ಎಂದೂ ತಿಳಿದ ಆ ಮುಖವನ್ನು ನಾನು ನೋಡಲಾರದೆ ನದಿಯ ಕಡೆ ತಿರುಗಿದೆ. ಅಮ್ಮ ನಡೆದದ್ದನ್ನೆಲ್ಲ, ಯಂತ್ರ, ಪರದೆ, ಡಿಸ್ಕು, ತನ್ನ ತಂದೆಯ ಮಾತು, ಒಂದೂ ಬಿಡದೆ ಅತ್ತೆಗೆ ಹೇಳಿದಳು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಅದೂ ನನ್ನನ್ನು.

"ಅದ್ರಾಗೆ ಕೂಸು ಕಾಣ್ತದಾ ಮಗಾ? ನಾವ್ ಒಂದು ಪೋಟೋನೂ ತೆಗಿಸಿರ್ಲಿಲ್ಲ."

"ಕಾಣ್ತೈತೆ ಅತ್ತೆ. ಮೊಕಾನೂ ಕಾಣ್ತೈತೆ."

ಆ ವಾರವೇ ಅವಳು ನಮ್ಮ ಮನೆಗೆ ಬಂದಳು. ಹಗಲಿನ ಬಸ್ಸಿಗೆ ಬಂದು ಹಗಲಿನ ಬಸ್ಸಿಗೇ ಹೋಗಬೇಕು, ಅಂಗಡಿ ಇದೆ ಎಂದಳು. ಅಮ್ಮ ಕೊಟ್ಟ ನೀರು ಕುಡಿದಳು, ಊಟ ಆಮೇಲೆ ಎಂದಳು. ಅಪ್ಪ ದೊಡ್ಡಿಯ ಹತ್ತಿರ ನಿಂತಿದ್ದ. ಅವಳು ಅವನನ್ನು ಮಾತಾಡಿಸಲೂ ಇಲ್ಲ, ಬೈಯಲೂ ಇಲ್ಲ. ನಾನು ಪರದೆ ಇಳಿಸಿ, ಆ ಜಾಗಕ್ಕೆ ಬಂದು, ಹೆಂಗಸು ಇನ್ನೂ ನಗುತ್ತಿರುವಾಗಲೇ ನಿಲ್ಲಿಸಿದೆ. ಅವಳಿಗೆ ತಳ್ಳಿಸಿಕೊಳ್ಳುವುದನ್ನು ತೋರಿಸಬಾರದು ಎಂದು ನನ್ನ ಲೆಕ್ಕ. ಅತ್ತೆ ಬಾಗಿ, ಪರದೆಯ ಮೇಲಿನ ಕೂಸಿನ ಮುಖದ ಎತ್ತರಕ್ಕೆ ತನ್ನ ಮುಖ ತಂದಳು. ಅದು ಅವಳ ಮುಖದಷ್ಟೇ ದೊಡ್ಡದಾಗಿತ್ತು.

"ಕಾಲ್ಗೆ ಗೆಜ್ಜೆ ಆಕಿದ್ದೆ ನೋಡವ್ವ. ನಂಗೇ ಮರ್ತೋಗಿತ್ತು," ಎಂದಳು ಅಜ್ಜಿಗೆ. ಆಮೇಲೆ ನನಗೆ, "ಓಡ್ಸು ಮಗಾ. ಅವ್ನು ಆಡಾದು ನೋಡ್ಬೇಕು."

ಓಡಿಸಿದೆ. ಕೂಸು ಕಾಲು ಆಡಿಸಿತು, ಪೇಟ ನೋಡಿ ಕೈ ಚಾಚಿತು, ಅಪ್ಪ ತಳ್ಳಿದ, ಕೂಸು ಅತ್ತಿತು. ಅತ್ತೆ ಕಣ್ಣು ಮಿಟುಕಿಸಲಿಲ್ಲ. ಬಾಗಿಲ ಹತ್ತಿರ ಸದ್ದಾಯಿತು. ಅಪ್ಪ ಯಾವಾಗಲೋ ಒಳಗೆ ಬಂದು ನಿಂತಿದ್ದ. ಅವನು ಅಳುತ್ತಿದ್ದ, ಮರೆಮಾಚಲು ಟವೆಲ್ಲನ್ನೂ ಎತ್ತಿರಲಿಲ್ಲ.

"ಅಕ್ಕಾ, ನಾನ್ ತಳ್ಳಾದನ್ನ ಕತ್ತರ್ಸಿ ತೆಗ್ಸಿಬಿಡ್ತೀನಿ. ಸೇಲಂನಾಗೆ ಮಾಡ್ತಾರೆ. ಯಾರ ಕಣ್ಗೂ ಬೀಳ್ಬಾರ್ದು ಅದು."

ಅತ್ತೆ ಮೊದಲ ಸಲ ಅವನ ಕಡೆ ತಿರುಗಿದಳು. ಪ್ರೊಜೆಕ್ಟರಿನ ಬೆಳಕು ಅವಳ ಅರ್ಧ ಮುಖದ ಮೇಲೆ ಬಿದ್ದಿತ್ತು.

"ಬ್ಯಾಡ ಕಣ್ಲಾ ನಂಜಾ. ಇರೋದೇ ಅಷ್ಟು. ನಿನ್ನ ತೆಗುದ್ರೆ ಅವ್ನೂ ಓಯ್ತಾನೆ."